ಬರ್ರಿ ಅಂದರೆ ಮನೆಯಲ್ಲ

ಕೊಲ್ಕತ್ತಾದಲ್ಲಿ ನಮ್ಮ ಮನೆಯ ಗಂಟೆ ಒತ್ತುತ್ತಿದ್ದವರೆಲ್ಲ ಏನಾದರೂ ಕೊಟ್ಟು ಹೋಗುವವರು, ಇಲ್ಲವೇ ತೆಗೆದುಕೊಂಡು ಹೋಗುವವರು. ಗ್ಯಾಸಿನವನು, ಇಸ್ತ್ರಿಯವನು, ಹಳೇ ಪೇಪರಿನವನು. ಒಳಗೆ ಬಂದು ಕೂತು, ಒಂದು ಲೋಟ ಚಹಾ ಕುಡಿದು, ನಾಲ್ಕು ಮಾತಾಡಿ ಎದ್ದು ಹೋದವರು ಯಾರೂ ಇಲ್ಲ. ಗಂಡನಿಗೆ ಬ್ಯಾಂಕಿನ ವರ್ಗವಾಗಿ ನಾವು ಬಂದು ಗರಿಯಾಹಾಟಿನ ಹಿಂದಿನ ಗಲ್ಲಿಯಲ್ಲಿ ಒಂದು ಫ್ಲ್ಯಾಟು ಹಿಡಿದಿದ್ದೆವು. ಇವರು ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನೋ ಕುಂದಾಪುರದ ಕಡೆಯವಳು, ದಿನಕ್ಕೆ ಇಷ್ಟು ಅಂತ ಮಾತಾಡದಿದ್ದರೆ ಉಂಡದ್ದು ಅರಗುವುದಿಲ್ಲ. ಮಧ್ಯಾಹ್ನದ ಹೊತ್ತು ಕುಕ್ಕರಿನ ಜೊತೆ ಮಾತಾಡಿದ್ದೂ ಉಂಟು. ನಗಬೇಡಿ, ಅದಾದರೂ ಸೀಟಿ ಹೊಡೆದು ಉತ್ತರ ಕೊಡುತ್ತಿತ್ತು.

ಸಾಲ್ಟ್ ಲೇಕಿನ ಸೆಕ್ಟರ್ ಫೈವಿನಲ್ಲಿ ಸಾಲುಸಾಲಾಗಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಕುತ್ತಿಗೆಗೆ ಐಡಿ ಕಾರ್ಡು ತೂಗುಹಾಕಿಕೊಂಡ ಹುಡುಗ ಹುಡುಗಿಯರು ಊರ ತುಂಬ ಕಾಣುತ್ತಿದ್ದರು. ವಾರವಿಡೀ ಅಮೆರಿಕದವರ ಕೆಲಸ, ಶನಿವಾರ ಸಮಾಜಸೇವೆ. ಅಂಥ ಒಬ್ಬ ಹುಡುಗಿ ಒಂದು ದಿನ ಇವರ ಶಾಖೆಗೆ ಬಂದು, ಇಲ್ಲಿ ಯಾರಿಗಾದರೂ ಕರ್ನಾಟಕದ ಭಾಷೆ ಬರುತ್ತದೆಯೇ ಅಂತ ಕೇಳಿದಳಂತೆ. ಮೊದಲು ಒಬ್ಬ ತಮಿಳಿನವರನ್ನು ಕರೆದುಕೊಂಡು ಹೋಗಿದ್ದಳಂತೆ, ಅವರು ಎರಡು ಮಾತು ಕೇಳಿ, ಇದು ನಮ್ಮದಲ್ಲ ಅಂತ ಎದ್ದು ಬಂದರಂತೆ. ಇವರು ನನ್ನ ಹೆಸರು ಕೊಟ್ಟು ಬಂದರು. ಮನೆಗೆ ಬಂದು, ನಿನಗೊಂದು ಕೆಲಸ ತಂದಿದ್ದೇನೆ, ಬಾಯಿ ಇದ್ದರೆ ಸಾಕು ಅಂದರು.

ಹುಡುಗಿ ಸೇರಿಕೊಂಡಿದ್ದ ಸಂಸ್ಥೆಯದ್ದು ಒಂದೇ ಕೆಲಸ. ಗುಣವಾಗದ ಕಾಯಿಲೆ ಬಿದ್ದವರು, ಮಕ್ಕಳಿರಲಿ ದೊಡ್ಡವರಿರಲಿ, ಅವರ ಒಂದು ಆಸೆ ಕೇಳಿ ನಡೆಸಿಕೊಡುವುದು. ಒಬ್ಬ ಪುಟ್ಟ ಹುಡುಗಿಗೆ ವಿಮಾನದಲ್ಲಿ ಕಿಟಕಿಯ ಪಕ್ಕ ಕೂರಬೇಕಿತ್ತು, ಕೂರಿಸಿದರು. ಒಬ್ಬ ಅಜ್ಜನಿಗೆ ಟ್ರಾಮಿನ ಗಂಟೆ ಬಾರಿಸಬೇಕಿತ್ತು, ಡಿಪೋದವರನ್ನು ಕಾಡಿ ಬೇಡಿ ಅದನ್ನೂ ಮಾಡಿಸಿದರು. ನಿಜ ಹೇಳಬೇಕೆಂದರೆ ನನಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಸಾಯುತ್ತಿರುವವರ ಹತ್ತಿರ ಹೋಗಿ ನಿಮಗೇನು ಬೇಕು ಅಂತ ಕೇಳುವುದೆಂದರೆ ಏನು? ಬದುಕಬೇಕು ಅಂದರೆ ಕೊಡುತ್ತಾರೋ? ಆದರೆ ಕನ್ನಡ ಮಾತಾಡಲು ಸಿಗುತ್ತದೆ ಅಂದಮೇಲೆ ಬಿಡುವವಳೇ ನಾನು. ಬೀರುವಿನಿಂದ ಒಳ್ಳೆಯ ಸೀರೆಯನ್ನೇ ತೆಗೆದೆ.

ಕಾಯಿಲೆಯವರು ಗಾರ್ಡನ್ ರೀಚಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದರು. ಗದಗಿನ ಕಡೆಯವರು, ಮದುವೆಯಾಗಿರಲಿಲ್ಲ, ಹುಡುಗಿಯಾಗಿದ್ದಾಗಲೇ ರೈಲ್ವೆ ಕಚೇರಿಯ ಕೆಲಸ ಸಿಕ್ಕಿ ಬಂದವರು ಅಲ್ಲಿಯೇ ಐವತ್ತು ದಾಟಿದ್ದರು. ತಲೆಯೊಳಗೆ ಗೆಡ್ಡೆಯಾಗಿ, ಆಪರೇಷನ್ ಆಗಿ, ಕಲಿತಿದ್ದ ಹಿಂದಿ, ಇಂಗ್ಲಿಷು, ಬಂಗಾಳಿ ಎಲ್ಲ ಅಳಿಸಿಹೋಗಿದ್ದವು. ಉಳಿದದ್ದು ತಾಯಿಭಾಷೆಯ ಬೆರಳೆಣಿಕೆಯ ಮಾತು. ಗೆಡ್ಡೆ ಮತ್ತೆ ಬೆಳೆಯುತ್ತಿದೆ, ಚಳಿಗಾಲ ಕಾಣುವುದು ಕಷ್ಟ ಅಂತ ಡಾಕ್ಟರು ಹೇಳಿದ್ದರು. ಆಫೀಸಿನವರು ಕನಿಕರಪಟ್ಟು ಸಂಸ್ಥೆಗೆ ತಿಳಿಸಿದ್ದರು.

ಟ್ಯಾಕ್ಸಿಯಲ್ಲಿ ಹುಡುಗಿ ಉತ್ಸಾಹದಿಂದ ಎಲ್ಲ ವಿವರಿಸಿದಳು. ಆಸೆ ಏನು ಅಂತ ಆಗಲೇ ಗೊತ್ತಾಗಿದೆ ಆಂಟಿ, ಅವರೇ ಬಂಗಾಳಿಯಲ್ಲಿ ಹೇಳಿದರು ಅಂದಳು. ಬಂಗಾಳಿಯವರು ಮನೆಗೆ ಬಾರಿ ಅನ್ನುತ್ತಾರೆ, ಡ ಮತ್ತು ರ ನಡುವೆ ನಾಲಗೆ ಮಡಚಿ. ಈಕೆ ಬಾಗಿಲ ಕಡೆ ನೋಡುತ್ತ ಬಾರಿ, ಬಾರಿ ಅನ್ನುತ್ತಾರಂತೆ. ಅಂದರೆ ಮನೆಗೆ ಹೋಗಬೇಕು, ಹುಟ್ಟಿದ ಮನೆಗೆ. ಸಂಸ್ಥೆಯವರು ವಿಮಾನದ ಟಿಕೆಟ್ಟು ಹೊಂದಿಸಿದ್ದರು, ಅಲ್ಲಿಂದ ಮುಂದಕ್ಕೆ ಕಾರು, ಜೊತೆಗೊಬ್ಬ ನರ್ಸು. ದುರ್ಗಾಪೂಜೆಗೆ ಮೊದಲೇ ಹೊರಡುವುದು. ಪ್ರಯಾಣ ಒಳ್ಳೆಯದಲ್ಲ, ಆದರೆ ಕೊನೆಯ ಆಸೆ ಅಂದಮೇಲೆ ಅಡ್ಡ ಬರುವುದಿಲ್ಲ ಅಂದಿದ್ದರಂತೆ ಡಾಕ್ಟರು. ಊರಿನ ಮನೆ ಮಾರಿ ಎಷ್ಟೋ ಕಾಲವಾಗಿತ್ತು, ದೂರದ ನೆಂಟರೊಬ್ಬರು ಸ್ವಲ್ಪ ದಿನ ಇಟ್ಟುಕೊಳ್ಳಲು ಒಪ್ಪಿದ್ದರು. ನಾನು ಮಾಡಬೇಕಾದದ್ದು ಇಷ್ಟೇ, ಅವರ ಭಾಷೆಯಲ್ಲಿ ಸಮಾಧಾನವಾಗಿ ತಿಳಿಸಿ ಹೇಳುವುದು.

ಬಾಗಿಲು ತೆರೆದದ್ದು ಹಗಲೂ ರಾತ್ರಿ ಅವರ ಜೊತೆಗಿರುತ್ತಿದ್ದ ಬಂಗಾಳಿ ಆಯಾ. ಒಳಗೆ ಮಂಚದ ಮೇಲೆ ದಿಂಬಿಗೊರಗಿ ಒಬ್ಬ ಹೆಂಗಸು ಕೂತಿದ್ದರು. ತಲೆಗೆ ಹತ್ತಿಯ ಟೋಪಿ, ಮೈಮೇಲೆ ಇಳಕಲ್ ಸೀರೆ. ನನ್ನನ್ನು ಕಂಡ ಕೂಡಲೇ ಕೈಯೆತ್ತಿ ಅಂದರು:

"ಬರ್ರಿ."

ನಾಲಗೆ ಭಾರವಾಗಿತ್ತು, ಎರಡು ರಕಾರಗಳಲ್ಲಿ ಒಂದು ಜಾರಿತ್ತು. ಆದರೆ ಕನ್ನಡದ ಕಿವಿಗೆ ಅಷ್ಟು ಸಾಕು. ಬರ್ರಿ ಅಂದರೆ ಬನ್ನಿ, ಒಳಗೆ ಬನ್ನಿ. ಆ ಊರಿಗೆ ಬಂದಮೇಲೆ ನನ್ನನ್ನು ಯಾರೂ ಕನ್ನಡದಲ್ಲಿ ಹಾಗೆ ಕರೆದಿರಲಿಲ್ಲ. ಅಳು ಬಂತು. ಗುರುತು ಪರಿಚಯವಿಲ್ಲದ ಮನೆಯ ಹೊಸ್ತಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಹುಡುಗಿ ನನ್ನ ಮೊಳಕೈ ಮುಟ್ಟಿ ಪಿಸುಗುಟ್ಟಿದಳು, ಕೇಳಿದಿರಾ ಆಂಟಿ, ಬಾರಿ.

ಆಗ ನನಗೆ ನಗುವೂ ಬಂತು. ಅಯ್ಯೋ ದೇವರೇ, ಇವರು ಬನ್ನಿ ಬನ್ನಿ ಅಂತ ಬಾಯ್ತುಂಬ ಕರೆಯುತ್ತಿದ್ದರೆ ಇವರನ್ನೇ ಮೂಟೆ ಕಟ್ಟಿ ವಿಮಾನ ಹತ್ತಿಸಲು ಹೊರಟಿದ್ದಾರಲ್ಲ! ಆದರೂ ಒಮ್ಮೆ ಕೇಳಿಯೇ ಬಿಡೋಣ ಅಂತ ಹತ್ತಿರ ಕೂತು, ಅಕ್ಕ, ಗದಗಿಗೆ ಹೋಗುವುದಾ ಅಂದೆ. ಅವರು ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಇಲ್ಲ ಅನ್ನುವಂತೆ ತಲೆಯಾಡಿಸಿದರು. ಮತ್ತೆ ಕೇಳಿದ್ದಕ್ಕೆ ಕಣ್ಣಲ್ಲಿ ನೀರು ಬಂತು, ಇನ್ನೊಂದು ಕೈಯಿಂದ ಆಯಾಳ ಸೆರಗನ್ನೂ ಹಿಡಿದುಕೊಂಡರು.

ಹುಡುಗಿಗೆ ಬಿಡಿಸಿ ಹೇಳಿದೆ. ಅವಳ ಮುಖ ಸಣ್ಣದಾಯಿತು. ಆಯಾಳೂ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ದಿನವಿಡೀ ದಿದಿ ಬಾಗಿಲು ನೋಡಿ ಬಾರಿ, ಬಾರಿ ಅನ್ನುವಾಗ, ಹೋಗೋಣ ದಿದಿ, ಮನೆಗೇ ಹೋಗೋಣ ಅಂತ ಸಮಾಧಾನ ಮಾಡುತ್ತಿದ್ದಳಂತೆ ಪಾಪ. ಸರಿ, ಹಾಗಾದರೆ ಇವರಿಗೆ ಏನು ಬೇಕು ಅಂತ ಹೊಸದಾಗಿ ಕೇಳಿ ಅಂದಳು ಹುಡುಗಿ. ನಾನೂ ಜಂಬದಿಂದಲೇ ಕೇಳಿದೆ. ದುಭಾಷಿ ಅಲ್ಲವೇ, ಮೂಗು ಆಗಲೇ ಸೂರಿಗೆ ಮುಟ್ಟಿತ್ತು.

"ಬನ್ನಿ," ಅಂದರು ಅಕ್ಕ.

ಬಂದಿದ್ದೇನಲ್ಲ ಅಕ್ಕ, ಇಲ್ಲಿಯೇ ಇದ್ದೇನೆ ಅಂದೆ. ಅವರು ಕೈ ಕೊಡವಿ ಮತ್ತೆ ಬನ್ನಿ ಅಂದರು. ನನ್ನ ಕನ್ನಡ ಕೇಳಿ, ಇವಳು ಘಟ್ಟದ ಕೆಳಗಿನವಳು ಅಂತ ತಿಳಿದು, ನಮ್ಮ ರೀತಿಯಲ್ಲಿ ಮರ್ಯಾದೆ ಮಾಡುತ್ತಿದ್ದಾರೆ ಅಂದುಕೊಂಡು ಬೀಗಿದೆ. ಆಮೇಲೆ ಅವರು ಬಹಳ ಕಷ್ಟಪಟ್ಟು ಇನ್ನೊಂದು ಮಾತು ಹೊರಡಿಸಿದರು.

"ಬಂಗಾರ."

ಅದರಲ್ಲಿ ಅನುಮಾನವೇ ಇರಲಿಲ್ಲ. ಹುಡುಗಿಗೆ ಅನುವಾದ ಮಾಡಿ ಹೇಳಿದೆ, ಚಿನ್ನ ಬೇಕಂತೆ. ಚಿನ್ನ ಕೊಡುವುದು ಸಂಸ್ಥೆಯ ನಿಯಮದಲ್ಲಿಲ್ಲ ಅಂತ ಹುಡುಗಿ ಇಂಗ್ಲಿಷಿನಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. ಆಯಾ ಬೆಚ್ಚಿಬಿದ್ದು, ದಿದಿಯ ಬಳೆಗಳೆಲ್ಲ ಲಾಕರಿನಲ್ಲಿವೆ, ನಾನು ಕೈಯಲ್ಲಿ ಮುಟ್ಟಿದವಳಲ್ಲ ಅಂತ ಶುರು ಮಾಡಿದಳು. ನನಗೂ ಒಳಗೊಳಗೇ ಬೇಸರವಾಯಿತು. ಹೋಗುವ ಹೊತ್ತಿಗೂ ಹೆಂಗಸರಿಗೆ ಇದೇ ಆಸೆಯಾ ಅಂದುಕೊಂಡೆ. ಅಕ್ಕ ನಮ್ಮ ಮೂವರ ಮುಖ ಸರದಿಯಂತೆ ನೋಡಿ, ಗೋಡೆಯ ಕಡೆ ಹೊರಳಿ ಮಲಗಿಬಿಟ್ಟರು. ಹೊರಡುವಾಗ ಬಾಲ್ಕನಿಯಲ್ಲಿ ಮಣ್ಣಿನ ಕುಂಡವೊಂದರಲ್ಲಿ ಒಣಗಿದ ಮುಳ್ಳಿನ ಕಡ್ಡಿ ನೆಟ್ಟಗೆ ನಿಂತದ್ದು ಕಂಡಿತು. ಸತ್ತ ಗಿಡ ಯಾಕೆ ಇಟ್ಟಿದ್ದೀಯ, ಎಸೆಯಬಾರದಾ ಅಂತ ಆಯಾಳನ್ನು ಗದರಿದೆ. ದಿದಿ ಆಸ್ಪತ್ರೆಯಲ್ಲಿದ್ದಾಗ ನೀರಿಲ್ಲದೆ ಹೋಯಿತು, ಎಸೆಯಲು ಬಿಡುವುದಿಲ್ಲ ಅಂದಳು.

ಮರುದಿನ ಭಾನುವಾರ. ಇವರು ಮೀನಿನ ಸಾರು ಕಲಸಿಕೊಂಡು ಉಣ್ಣುತ್ತಿದ್ದರು, ನಾನು ನಡೆದದ್ದನ್ನೆಲ್ಲ ಹೇಳುತ್ತಿದ್ದೆ. ಬರ್ರಿ ಕೇಳಿ ನಕ್ಕರು. ಬನ್ನಿ, ಬಂಗಾರ ಅಂದದ್ದಕ್ಕೆ ತುತ್ತು ಕೈಯಲ್ಲೇ ನಿಂತಿತು.

"ಎಂತ ಮಾರಾಯ್ತಿ ನೀನು! ಅದು ಬಾ ಅಂತ ಅಲ್ಲ, ಬನ್ನಿ ಮರದ ಸೊಪ್ಪು."

ಮದುವೆಗೆ ಮೊದಲು ಇವರು ಗದಗಿನ ಶಾಖೆಯಲ್ಲಿ ಇದ್ದವರು. ಅಲ್ಲಿ ದಸರೆಯ ದಶಮಿಯ ಸಂಜೆ ಊರಿಗೆ ಊರೇ ಬನ್ನಿ ಎಲೆ ಹಿಡಿದು ಮನೆಯಿಂದ ಮನೆಗೆ ತಿರುಗುತ್ತದಂತೆ. ಎಲೆ ಕೈಗೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣ ಅನ್ನುವುದು, ಕಿರಿಯರು ಹಿರಿಯರ ಕಾಲು ಮುಟ್ಟುವುದು, ಜಗಳವಾಡಿದವರೂ ಅವತ್ತು ಮಾತಾಡುವುದು. ಆ ಎಲೆಯನ್ನೇ ಬಂಗಾರ ಅನ್ನುತ್ತಾರೆ. ಒಂಟಿ ಹುಡುಗ ಅಂತ ಗಿರಾಕಿಗಳೆಲ್ಲ ಇವರ ಬಾಡಿಗೆ ಕೋಣೆಗೇ ಬಂದು ಎಲೆ ಕೊಟ್ಟು ಹೋಗಿದ್ದರಂತೆ. ಅಂಗಿಯ ಜೇಬು ತುಂಬಿತ್ತು ಅಂದರು. ನಮ್ಮ ಕರಾವಳಿಯಲ್ಲಿ ಈ ಪದ್ಧತಿ ಇಲ್ಲ, ನನಗೆ ಹೇಗೆ ತಿಳಿಯಬೇಕು? ಆದರೂ ಮೈಯೆಲ್ಲ ಉರಿಯಿತು. ಬಂಗಾಳಿಯವರು ಬರ್ರಿಯನ್ನು ಬಾರಿ ಮಾಡಿದ್ದಕ್ಕೆ ನಕ್ಕವಳು ನಾನು, ಕನ್ನಡದವಳಾಗಿ ಬನ್ನಿಯನ್ನೇ ತಿಳಿಯದೆ ಹೋದೆ. ಒಣಗಿದ ಆ ಮುಳ್ಳುಕಡ್ಡಿ ಏನು ಅಂತ ಈಗ ಹೊಳೆಯಿತು.

ಹುಡುಗಿಗೆ ಫೋನು ಮಾಡಿ ಹೇಳಿದೆ. ಅವಳು, ಆಂಟಿ, ಇದು ನಮ್ಮ ಬಿಜೊಯಾ ತಾನೇ ಅಂದಳು. ಅದೇ ದಶಮಿ, ಅದೇ ಸಂಜೆ. ದುರ್ಗೆಯನ್ನು ನೀರಿಗೆ ಬಿಟ್ಟ ಮೇಲೆ ಬಂಗಾಳಿಯವರೂ ಮನೆಮನೆಗೆ ಹೋಗಿ ಹಿರಿಯರ ಕಾಲು ಮುಟ್ಟಿ, ಕೊಬ್ಬರಿ ಉಂಡೆ ತಿಂದು ಬರುತ್ತಾರೆ. ಟಿಕೆಟ್ಟು ರದ್ದಾಯಿತು. ಹೊಸ ಆಸೆ ಬರೆದುಕೊಂಡರು, ದಶಮಿಗೆ ಜನ ಬರಬೇಕು, ಬನ್ನಿ ಕೊಡಬೇಕು. ಅಲ್ಲಿಯವರೆಗೆ ಅಕ್ಕ ಇರಬೇಕು ಅಷ್ಟೇ. ಮಹಾಲಯ ಕಳೆದಮೇಲೆ ಅವರು ಊಟ ಬಿಟ್ಟಿದ್ದರು, ಚಮಚದಲ್ಲಿ ನೀರು ಮಾತ್ರ. ನಾನು ದೇವರಿಗೆ ಹರಕೆ ಹೊರುವವಳಲ್ಲ, ಆ ವಾರ ಹೊತ್ತೆ.

ಬನ್ನಿಯನ್ನು ಉತ್ತರದವರು ಶಮಿ ಅನ್ನುತ್ತಾರೆ. ಗರಿಯಾಹಾಟಿನ ರಸ್ತೆಬದಿಯಲ್ಲಿ ಗಿಡ ಮಾರುವವನ ಹತ್ತಿರ ಸಿಕ್ಕಿತು, ಮೊಳದುದ್ದದ್ದು. ಇದು ಶನಿಯ ಗಿಡ, ಮನೆಯೊಳಗೆ ಇಡಬೇಡಿ ಬೌದಿ ಅಂತ ಎಚ್ಚರಿಸಿದ, ಇಲ್ಲಿ ಅತ್ತಿಗೆಗೆ ಹಾಗೆ ಅನ್ನುವುದು. ಮನೆಯೊಳಗೆ ಶನಿ ಬಂದರೆ ಮಾತಾಡಲು ಒಬ್ಬನಾದರೂ ಸಿಕ್ಕ ಅಂದುಕೊಂಡು ಎತ್ತಿಕೊಂಡು ಬಂದೆ.

ದಶಮಿಯ ದಿನ ಮಧ್ಯಾಹ್ನವೇ ಹೊರಟೆ. ಸಂಜೆಯಾದರೆ ದುರ್ಗೆಯ ಲಾರಿಗಳು ರಸ್ತೆ ಹಿಡಿಯುತ್ತವೆ, ಟ್ಯಾಕ್ಸಿಯವನು ಬರುವುದಿಲ್ಲ. ಆ ಹೊತ್ತಿನಲ್ಲಿ ಹಬ್ಬ ಬಿಟ್ಟು ಗಾರ್ಡನ್ ರೀಚಿಗೆ ಯಾರು ಬಂದಾರು ಅನ್ನುವ ಹೆದರಿಕೆ ನನಗಿತ್ತು. ಕುಂಡ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಿಂದ ಒಳ್ಳೆಯ ಸೀರೆಗೆ ಮುಳ್ಳು ಸಿಕ್ಕಿತು. ಅಕ್ಕನ ಮನೆಯಲ್ಲಿ ಆಯಾ ಅವರಿಗೆ ರೇಷ್ಮೆ ಸೀರೆ ಉಡಿಸಿ ಬಾಗಿಲ ಎದುರು ಕುರ್ಚಿಯಲ್ಲಿ ದಿಂಬು ಕೊಟ್ಟು ಕೂರಿಸಿದ್ದಳು. ಕಣ್ಣು ಅರ್ಧ ಮುಚ್ಚಿತ್ತು. ನಾನು ಒಂದು ಎಲೆಯ ಗೊಂಚಲು ಕಿತ್ತು ಅಂಗೈಯಲ್ಲಿಟ್ಟೆ. ಬೆರಳಿನಿಂದ ಸವರಿ, ಮೂಗಿನ ಹತ್ತಿರ ಒಯ್ದು, ಕಣ್ಣು ಬಿಟ್ಟು ನನ್ನನ್ನು ನೋಡಿದರು. ನನ್ನ ಕೆನ್ನೆ ಮುಟ್ಟಿದರು.

ನಾಲ್ಕು ಗಂಟೆಯಾಯಿತು, ಐದಾಯಿತು, ಯಾರೂ ಬರಲಿಲ್ಲ. ಹೊರಗೆ ಪೂಜೆಯ ಢಾಕು ಡೋಲಿನ ಬಡಿತ, ಲಾರಿಗಳ ಸದ್ದು. ಬೀದಿಯಲ್ಲಿ ಊರೇ ಇತ್ತು, ಮೆಟ್ಟಿಲ ಮೇಲೆ ಒಂದು ಹೆಜ್ಜೆಯ ಸದ್ದಿಲ್ಲ. ಹುಡುಗಿಯದ್ದೂ ಪತ್ತೆಯಿಲ್ಲ. ಅಮೆರಿಕದವರಿಗೆ ದಸರೆಯೂ ಇಲ್ಲ ದಶಮಿಯೂ ಇಲ್ಲ, ಆಫೀಸಿನಿಂದ ಬಿಡುತ್ತಾರೋ ಇಲ್ಲವೋ ಅಂದಿದ್ದಳು. ತಟ್ಟೆಯಲ್ಲಿ ಎಲೆ ಬಾಡತೊಡಗಿತ್ತು. ನನಗೆ ಅಕ್ಕನ ಮುಖ ನೋಡುವ ಧೈರ್ಯವಿರಲಿಲ್ಲ. ಅಡುಗೆಮನೆಗೆ ಹೋಗಿ ಇಲ್ಲದ ಪಾತ್ರೆ ತೊಳೆದೆ.

ಆಗ ಬಾಗಿಲಲ್ಲಿ ಗಲಗಲ ಕೇಳಿತು. ಹುಡುಗಿ ಕೆಳಗಿನಿಂದ ಒಂದೊಂದೇ ಮನೆಯ ಬಾಗಿಲು ತಟ್ಟಿ ಜನರನ್ನು ಎಬ್ಬಿಸಿಕೊಂಡು ಮೇಲೆ ಹತ್ತಿ ಬಂದಿದ್ದಳು. ಬ್ಲಾಕಿನ ಹೆಂಗಸರು ದುರ್ಗೆಯನ್ನು ಕಳಿಸುವಾಗ ಬಳಿದುಕೊಂಡ ಸಿಂದೂರ ಹಣೆ ಕೆನ್ನೆಯೆಲ್ಲ ಮೆತ್ತಿಕೊಂಡು, ತಟ್ಟೆಗಳಲ್ಲಿ ಉಪ್ಪಿನ ಕುರುಕಲು ನಿಮ್ಕಿ, ಕೊಬ್ಬರಿ ಉಂಡೆ ಹಿಡಿದು ನಿಂತಿದ್ದರು. ಹಿಂದೆ ಗಂಡಸರು, ಮಕ್ಕಳು, ಆಫೀಸಿನವರು. ಕೋಣೆಗೆ ಬರಲು ಎಲ್ಲರಿಗೂ ಅನುಮಾನ, ಹೊಸ್ತಿಲ ಆಚೆಯೇ ತಡೆದರು.

ಅಕ್ಕ ಬೆನ್ನು ನೆಟ್ಟಗೆ ಮಾಡಿ ಕೂತರು.

"ಬರ್ರಿ," ಅಂದರು. ಎರಡು ರಕಾರವೂ ಸ್ಪಷ್ಟವಾಗಿ ಬಂದವು.

ಬಂದರು. ಒಬ್ಬೊಬ್ಬರೂ ಕಾಲು ಮುಟ್ಟಿದರು, ಒಬ್ಬೊಬ್ಬರ ಕೈಗೂ ಅವರು ಎಲೆ ಇಟ್ಟರು. ಬಂಗಾರ, ಬಂಗಾರ ಅಂತ ತುಟಿ ಅಲ್ಲಾಡುತ್ತಿತ್ತು. ಮಾತಿನ ಅರ್ಥ ಹೇಳಲು ನಾನು ಬಾಯಿ ತೆರೆದೆ, ಯಾರಿಗೂ ಬೇಕಾಗಲಿಲ್ಲ. ಅಕ್ಕನ ಕೈಯಿಂದ ಎಲೆ ಉದುರಿದರೆ ಬಂದವರು ಬಗ್ಗಿ ನೆಲದಿಂದ ಹೆಕ್ಕಿಕೊಂಡು ಹಣೆಗೆ ಒತ್ತಿಕೊಂಡರು. ಅಕ್ಕ ಆಯಾಳ ಕಡೆ ನೋಡಿ ಚಾ ಅಂದರು. ಆ ಒಂದು ಮಾತು ಎರಡೂ ಭಾಷೆಯಲ್ಲಿ ಒಂದೇ, ಚಾ ಬಂತು.

ಕೆಳಗಿನ ಮಹಡಿಯ ಹೆಂಗಸೊಬ್ಬರು ಲೋಟ ಹಿಡಿದು ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದರು. ಪ್ರತಿ ವರ್ಷ ದಶಮಿಯ ಸಂಜೆ ದಿದಿ ರೇಷ್ಮೆ ಸೀರೆ ಉಟ್ಟು ಈ ಬಾಗಿಲಲ್ಲಿ ನಿಂತಿರುತ್ತಿದ್ದರು. ಎಲ್ಲಿಗೋ ಹೊರಟಿದ್ದಾರೆ ಅಂದುಕೊಂಡೆವು. ಎಲ್ಲಿಗೆ ಹೊರಟಿರಿ ದಿದಿ ಅಂತ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಹೊರಡುವವರ ಮನೆಗೆ ಯಾಕೆ ಹೋಗಬೇಕು ಅಂತ ನಾವು ಮುಂದಿನ ಮನೆಗೆ ಹೋಗುತ್ತಿದ್ದೆವು. ಅಷ್ಟು ಹೇಳಿ ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು, ಕೆನ್ನೆಯ ಸಿಂದೂರ ಸೆರಗಿಗೆ ಹತ್ತಿತು.

ನಮ್ಮ ಕಡೆಯವರಿಗೆ ಪರಊರಿನಲ್ಲಿ ಕರೆಯದೆ ಒಬ್ಬರ ಮನೆಗೆ ಹೋಗಲು ಸಂಕೋಚ. ಇಲ್ಲಿಯವರಿಗೆ ಕರೆಯುವ ಪದ್ಧತಿಯೇ ಇಲ್ಲ, ಸುಮ್ಮನೆ ಹೋಗಬೇಕು. ಇವರು ಹೊರಟಿದ್ದಾರೆ ಅಂತ ಅವರು, ಅವರು ಬರಲಿ ಅಂತ ಇವರು, ಸುಮಾರು ಮೂವತ್ತು ವರ್ಷ ಹೋಗಿತ್ತು. ಬಾಯಿ ಸರಿಯಿದ್ದಾಗ, ಮೂರು ಭಾಷೆ ಬರುತ್ತಿದ್ದಾಗ, ಈ ಒಂದು ಮಾತು ಅಕ್ಕನಿಗೆ ಆಡಲು ಆಗಿರಲಿಲ್ಲ. ಬೇರೆಲ್ಲ ಅಳಿಸಿಹೋದಮೇಲೆ ಅದೇ ಉಳಿಯಿತು.

ಹೊರಡುವಾಗ ಕಾಲು ಮುಟ್ಟಿ ಬರ್ತೇನೆ ಅಕ್ಕ ಅಂದೆ. ಬಂಗಾಳಿಯವರೂ ಹೋಗುವಾಗ ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ. ಅಕ್ಕ ಸೋತು ಹೋಗಿದ್ದರು, ಕಣ್ಣು ತೆರೆಯಲಿಲ್ಲ. ಬೆರಳು ಮಾತ್ರ ನನ್ನ ಅಂಗೈಯಲ್ಲಿ ಎಲೆ ಒತ್ತಿತು. ದೀಪಾವಳಿಯ ಕಾಳಿಪೂಜೆಗೆ ಮೊದಲೇ ಹೋದರು. ಆಯಾ ಬೆಳಿಗ್ಗೆ ಫೋನು ಮಾಡಿ ದಿದಿ ಹೋದರು ಅಂತ ಅತ್ತಳು, ನಾನೂ ಅತ್ತೆ. ಶನಿಯ ಗಿಡವನ್ನು ನಾನೇ ತಂದುಕೊಂಡೆ.

ಮುಂದಿನ ವರ್ಷದ ದಶಮಿಗೆ ಮಗಳು ಕಾಲೇಜಿನ ಹಾಸ್ಟೆಲಿನಲ್ಲಿದ್ದಳು, ಇವರು ಬ್ಯಾಂಕಿನ ತಪಾಸಣೆಗೆ ಬೇರೆ ಊರಿಗೆ ಹೋಗಿದ್ದರು. ನಾನು ಸೀರೆ ಉಟ್ಟೆ, ಗಿಡದಿಂದ ಎಲೆ ಕಿತ್ತು ತಟ್ಟೆಯಲ್ಲಿಟ್ಟೆ, ಬಾಗಿಲು ತೆರೆದು ನಿಂತೆ. ಯಾರನ್ನೂ ಕರೆದಿರಲಿಲ್ಲ. ಅಕ್ಕನ ಕಥೆ ಅಷ್ಟು ಹತ್ತಿರದಿಂದ ಕಂಡವಳು ನಾನು, ಹಾಗಿದ್ದೂ ಕರೆಯಲು ನಾಲಗೆ ಏಳಲಿಲ್ಲ ನೋಡಿ. ಕೆಳಗೆ ಢಾಕು ಬಡಿಯುತ್ತಿತ್ತು. ಎದುರು ಫ್ಲ್ಯಾಟಿನ ಹೆಂಗಸು ಉಂಡೆಯ ಡಬ್ಬಿ ಹಿಡಿದು ಹೊರಬಂದರು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಇಷ್ಟು ವರ್ಷ ಲಿಫ್ಟಿನಲ್ಲಿ ನಕ್ಕದ್ದು ಬಿಟ್ಟರೆ ನಮ್ಮೊಳಗೆ ಬೇರೆ ಮಾತಿರಲಿಲ್ಲ.

"ಎಲ್ಲಿಗೆ ಹೊರಟಿರಿ ಬೌದಿ?" ಅಂತ ಬಂಗಾಳಿಯಲ್ಲಿ ಕೇಳಿದರು.

ನಗಲು ತುಟಿ ಅಗಲವಾಯಿತು. ಇನ್ನೇನು ಅಕ್ಕನಂತೆ ನಾನೂ ನಕ್ಕು ಸುಮ್ಮನಾಗಿಬಿಡುತ್ತಿದ್ದೆ, ಆಕೆ ಮೆಟ್ಟಿಲು ಇಳಿದು ಹೋಗಿಬಿಡುತ್ತಿದ್ದರು. ಬಂಗಾಳಿಯಲ್ಲಿ ಹೇಗೆ ಹೇಳುವುದು ಅಂತ ಹುಡುಕಿದೆ, ಸಿಗಲಿಲ್ಲ. ಕುಂದಾಪುರದ ನನ್ನ ಬಾಯಿಂದ ಗದಗಿನ ಮಾತು ಬಂತು.

"ಎಲ್ಲಿಗೂ ಇಲ್ಲ. ಬರ್ರಿ."

ಆಕೆ ನನ್ನನ್ನು ನೋಡಿದರು, ನನ್ನ ಹಿಂದೆ ತೆರೆದಿದ್ದ ಮನೆಯನ್ನು ನೋಡಿದರು. ಬಾರಿ ಅಂತ ಕೇಳಿಸಿರಬೇಕು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದರು.